8 ಸ್ಪೀಡ್ ಸೈಕಲ್ಲಿಗೆ 11 ಸ್ಪೀಡ್ ಸಾಮಾನು: ಕೂತರೆ ಸಾಲದು, ಲೆಕ್ಕ ಕೂಡಬೇಕು

ಪ್ರಶ್ನೆ: ಸರ್, ನಾನು ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ನನ್ನ ಹತ್ತಿರ ಶಿಮಾನೊ ಕ್ಲಾರಿಸ್ ಆರ್2000, 8 ಸ್ಪೀಡಿನ ರೋಡ್ ಬೈಕ್ ಇದೆ. ಮುಂದೆ 50–34 ಹಲ್ಲು, ಹಿಂದೆ 11–28. ಕೈಮರ ದಾಟಿ ಮುಳ್ಳಯ್ಯನಗಿರಿ ಹತ್ತುವಾಗ ಮೂರು ಸಲವೂ ಇಳಿದು ತಳ್ಳಿದ್ದೇನೆ. ಬೆಂಗಳೂರಿನಲ್ಲಿರುವ ನಮ್ಮ ಭಾವ ತಮ್ಮ ಬೈಕಿಗೆ 12 ಸ್ಪೀಡ್ ಹಾಕಿಸಿಕೊಂಡು, ತೆಗೆದ ಶಿಮಾನೊ 105 ಆರ್7000 ಹಿಂದಿನ ಡಿರೇಲರ್ (ಚೈನನ್ನು ಪಕ್ಕಕ್ಕೆ ಸರಿಸುವ ಭಾಗ) ಮತ್ತು 11 ಸ್ಪೀಡಿನ 11–34 ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ನನಗೆ ಕೊಟ್ಟಿದ್ದಾರೆ. ಕ್ಯಾಸೆಟ್ ನನ್ನ ಚಕ್ರಕ್ಕೆ ಚೆನ್ನಾಗಿಯೇ ಕೂತಿತು. ಹ್ಯಾಂಡಲ್ಲಿನ ಶಿಫ್ಟರ್ (ಗೇರ್ ಲಿವರ್) ಹಳೆಯದೇ ಇಟ್ಟುಕೊಂಡು ಇವೆರಡನ್ನು ಹಾಕಬಹುದೇ? ಹನ್ನೊಂದರಲ್ಲಿ ಎಂಟು ಗೇರ್ ಸಿಕ್ಕರೂ ನನಗೆ ಸಾಕು.

ಉತ್ತರ: ಹಾಕಬೇಡಿ. ನಿಮ್ಮ ತೊಂದರೆಗೆ ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಕ್ಯಾಸೆಟ್ ಯಾಕೆ ಕೂತಿತು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮನ್ನು ದಾರಿ ತಪ್ಪಿಸಿದ್ದು ಅದೇ.

ರೋಡ್ ಬೈಕಿನ 11 ಸ್ಪೀಡ್ ಕ್ಯಾಸೆಟ್‌ಗಳು ಸಾಮಾನ್ಯವಾಗಿ ಹಳೆಯ 8, 9, 10 ಸ್ಪೀಡ್ ಹಬ್ಬಿನ (ಚಕ್ರದ ನಡುವಿನ ಗುಂಬ) ಮೇಲೆ ಕೂರುವುದೇ ಇಲ್ಲ. 11 ಸ್ಪೀಡಿಗಾಗಿ ಶಿಮಾನೊ ಹಬ್ಬಿನಲ್ಲಿ ಕ್ಯಾಸೆಟ್ ಕೂರುವ ಹಲ್ಲುಗೊಳವೆಯನ್ನು 1.85 ಮಿ.ಮೀ. ಉದ್ದ ಮಾಡಿತು. 11–28 ಆಗಿದ್ದರೆ ನಿಮಗೆ ಅದನ್ನು ಬಿಗಿಯುವ ಲಾಕ್‌ರಿಂಗೇ ಕಚ್ಚುತ್ತಿರಲಿಲ್ಲ, ಅಲ್ಲಿಗೆ ಕತೆ ಮುಗಿಯುತ್ತಿತ್ತು. ಆದರೆ 11–34 ಮಾತ್ರ ಬೇರೆ. 34 ಹಲ್ಲಿನ ಚಕ್ರ ದೊಡ್ಡದಾದ್ದರಿಂದ ಅದನ್ನು ಕಡ್ಡಿಗಳ ಕಡೆಗೆ ಸ್ವಲ್ಪ ಒಳಕ್ಕೆ ಬಾಗಿಸಿ ಕೂರಿಸಲು ಜಾಗ ಸಿಗುತ್ತದೆ. ಹಾಗಾಗಿ ಆ ಕ್ಯಾಸೆಟ್ ಹಳೆಯ ಗಿಡ್ಡ ಹಬ್ಬಿನ ಮೇಲೂ ಕೂರುತ್ತದೆ. ಅದರ ಜೊತೆಗೆ ಒಂದು ತೆಳು ಉಂಗುರ ಕೊಟ್ಟಿದ್ದರೆ ಅದು 11 ಸ್ಪೀಡ್ ಹಬ್ಬಿನವರಿಗೆ. ನಿಮಗೆ ಬೇಡ, ಆದರೆ ಎಸೆಯಬೇಡಿ.

ಹಬ್ಬಿನ ಮೇಲೆ ಕೂರುವುದು ಒಂದು ಪ್ರಶ್ನೆ, ಗೇರ್ ಬೀಳುವುದು ಇನ್ನೊಂದು. ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ನೋಡಿರುತ್ತೀರಿ. ಅರೇಬಿಕಾಗೆ ಹೊಂದಿಸಿದ ಸಂದಿಗೆ ರೊಬಸ್ಟಾ ಸುರಿದರೂ ಯಂತ್ರ ತಿರುಗುತ್ತಲೇ ಇರುತ್ತದೆ. ಕೆಳಗೆ ಬೀಳುವ ಬೀಜ ನೋಡಿದಾಗ ಗೊತ್ತಾಗುತ್ತದೆ, ಸಿಪ್ಪೆ ಅರ್ಧ ಹಾಗೇ ಇದೆ ಅಂತ. ಇಲ್ಲೂ ವಿಷಯ ಸಂದಿಯದೇ.

ಗೇರ್ ಬದಲಾಗುವಾಗ ಮೂರು ಅಳತೆಗಳು ಒಂದಕ್ಕೊಂದು ತಾಳೆಯಾಗಬೇಕು. ಶಿಫ್ಟರ್ ಒಂದು ಕ್ಲಿಕ್ಕಿಗೆ ಎಷ್ಟು ಕೇಬಲ್ ಎಳೆಯುತ್ತದೆ, ಆ ಎಳೆತವನ್ನು ಡಿರೇಲರ್ ಎಷ್ಟು ಪಟ್ಟು ಮಾಡಿ ಪಕ್ಕಕ್ಕೆ ಸರಿಯುತ್ತದೆ, ಕ್ಯಾಸೆಟ್ಟಿನಲ್ಲಿ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಎಷ್ಟು ದೂರ. ಮೊದಲ ಎರಡನ್ನು ಗುಣಿಸಿದರೆ ಮೂರನೆಯದು ಬರಬೇಕು. ಶಿಮಾನೊ ರೋಡ್ ಸಾಮಾನಿನಲ್ಲಿ ಸುಮಾರು ಹೀಗಿದೆ: 8 ಸ್ಪೀಡ್ ಶಿಫ್ಟರ್ ಕ್ಲಿಕ್ಕಿಗೆ 2.8 ಮಿ.ಮೀ. ಎಳೆಯುತ್ತದೆ, 9 ಸ್ಪೀಡಿನದು 2.5, ಹಳೆಯ 10 ಸ್ಪೀಡಿನದು 2.3. ಈ ಮೂರು ಪೀಳಿಗೆಗಳ ಡಿರೇಲರ್‌ಗಳೂ ಎಳೆತವನ್ನು 1.7 ಪಟ್ಟು ಮಾಡುತ್ತವೆ. ಕ್ಯಾಸೆಟ್ಟಿನ ಅಂತರ 8ರಲ್ಲಿ 4.8 ಮಿ.ಮೀ., 9ರಲ್ಲಿ 4.35, 10ರಲ್ಲಿ 3.95. ಗುಣಿಸಿ ನೋಡಿ, ಕೂದಲೆಳೆಯ ವ್ಯತ್ಯಾಸದಲ್ಲಿ ಕೂಡಿಬರುತ್ತದೆ. ಆ ಕೂದಲೆಳೆಯನ್ನು ನುಂಗಲೆಂದೇ ಡಿರೇಲರಿನ ಮೇಲಿನ ಪುಟ್ಟ ಚಕ್ರ ಸ್ವಲ್ಪ ಅತ್ತಿತ್ತ ಆಡುವಂತೆ ಮಾಡಿರುತ್ತಾರೆ. ಮುಟ್ಟಿ ನೋಡಿದವರು ಎಷ್ಟೋ ಜನ "ಸವೆದಿದೆ, ಲೂಸಾಗಿದೆ" ಅಂತ ಹೊಸದು ಹಾಕಿಸುತ್ತಾರೆ. ಅದು ಆಡಬೇಕಾದದ್ದೇ.

ಇಲ್ಲಿಂದ ಒಂದು ಒಳ್ಳೆಯ ವಿಷಯ ಹೊರಡುತ್ತದೆ. 8, 9 ಮತ್ತು ಹಳೆಯ 10 ಸ್ಪೀಡ್ ರೋಡ್ ಡಿರೇಲರ್‌ಗಳೆಲ್ಲ ಒಂದೇ ಮನೆಯವು. ಡಿರೇಲರಿಗೆ ತನ್ನ ಬೆನ್ನ ಮೇಲೆ 9 ಅಂತ ಬರೆದಿದೆಯೋ 10 ಅಂತ ಬರೆದಿದೆಯೋ ಗೊತ್ತಿಲ್ಲ. ಕೇಬಲ್ ಎಳೆದಷ್ಟಕ್ಕೆ 1.7 ಪಟ್ಟು ಸರಿಯುವುದಷ್ಟೇ ಅದರ ಕೆಲಸ. ಎಣಿಕೆ ಇರುವುದು ಶಿಫ್ಟರಿನಲ್ಲಿ. ಮೌಂಟನ್ ಬೈಕಿನ 8 ಮತ್ತು 9 ಸ್ಪೀಡ್ ಡಿರೇಲರ್‌ಗಳದ್ದೂ ಇದೇ 1.7. ಈ ಮಾತು ನೆನಪಿರಲಿ, ನಿಮ್ಮ ಪರಿಹಾರ ಇದರಲ್ಲೇ ಇದೆ.

11 ಸ್ಪೀಡಿಗೆ ಬಂದಾಗ, ಅಂದರೆ 2012ರಲ್ಲಿ ಡ್ಯುರಾ-ಏಸ್ 9000 ಸರಣಿ ಬಂದಾಗ, ಶಿಮಾನೊ ಈ ಲೆಕ್ಕವನ್ನೇ ಬದಲಿಸಿತು. ಎಳೆತ 2.8ರಿಂದ 2.5ಕ್ಕೆ, 2.3ಕ್ಕೆ ಇಳಿಯುತ್ತಾ ಬಂದದ್ದನ್ನು ಗಮನಿಸಿ. ಎಳೆತ ಕಡಿಮೆಯಾದಷ್ಟೂ ಕೇಬಲ್ಲಿನೊಳಗೆ ಕೂತ ಒಂದು ಚಿಟಿಕೆ ಕೆಸರಿಗೆ, ತುಕ್ಕಿಗೆ ಬೆಲೆ ಜಾಸ್ತಿಯಾಗುತ್ತದೆ. ಅರ್ಧ ಮಿಲಿಮೀಟರ್ ಎಳೆತ ದಾರಿಯಲ್ಲೇ ಕಳೆದುಹೋದರೆ, ಡಿರೇಲರಿನ ಹತ್ತಿರ ಅದು ಮುಕ್ಕಾಲು ಮಿಲಿಮೀಟರಿಗಿಂತ ಹೆಚ್ಚಿನ ತಪ್ಪಾಗುತ್ತದೆ. ಹಾಗಾಗಿ 11ರಲ್ಲಿ ಎಳೆತವನ್ನು ಮತ್ತೆ 2.7ಕ್ಕೆ ಏರಿಸಿ, ಡಿರೇಲರಿನ ಪಟ್ಟನ್ನು 1.4ಕ್ಕೆ ಇಳಿಸಿದರು. ಕ್ಯಾಸೆಟ್ಟಿನ ಅಂತರ ಸುಮಾರು 3.74. ನಮ್ಮ ಮಲೆನಾಡಿನ ಮಳೆಗೆ ಇದು ನಿಜಕ್ಕೂ ಒಳ್ಳೆಯ ಬದಲಾವಣೆ. ಆದರೆ ಹಳೆಯ ಮನೆಗೂ ಹೊಸ ಮನೆಗೂ ನಡುವೆ ಅವತ್ತು ಗೋಡೆ ಎದ್ದಿತು.

ಈಗ ನಿಮ್ಮ ಲೆಕ್ಕ. ಶಿಫ್ಟರ್ 8ರದ್ದು, 2.8. ಭಾವನವರ ಡಿರೇಲರ್ 1.4. ಗುಣಿಸಿದರೆ 3.92. ಬೇಕಿದ್ದದ್ದು 3.74. ಒಂದು ಕ್ಲಿಕ್ಕಿಗೆ 0.18 ಮಿ.ಮೀ. ಹೆಚ್ಚು. "ಇಷ್ಟೇನಾ?" ಅನ್ನಿಸುತ್ತದೆ, ಮೋಸ ಇರುವುದೇ ಅಲ್ಲಿ. ಎಂಟು ಗೇರಿಗೆ ಏಳು ಕ್ಲಿಕ್. ಏಳು ಸಲ 0.18 ಕೂಡಿದರೆ 1.26. ನಡುವಿನ ಗೇರಿಗೆ ಹೊಂದಿಸಿ ಸ್ಟ್ಯಾಂಡಿನ ಮೇಲೆ ಕೈಯಲ್ಲಿ ತಿರುಗಿಸಿ ನೋಡಿದರೆ ಮೂರು ನಾಲ್ಕು ಗೇರ್ ಬೆಣ್ಣೆಯಂತೆ ಬೀಳುತ್ತವೆ. ಎರಡೂ ತುದಿಗಳಲ್ಲಿ ಮಾತ್ರ 0.6 ಮಿಲಿಮೀಟರ್ ಹೊರಗೆ. ನಿಮಗೆ ಏರಿನಲ್ಲಿ ಬೇಕಾದದ್ದು ಯಾವ ಗೇರ್? ತುದಿಯದೇ. ಎದ್ದುನಿಂತು ತುಳಿಯುವಾಗ ಚೈನ್ 30ಕ್ಕೂ 34ಕ್ಕೂ ನಡುವೆ ಹೊಯ್ದಾಡಿದರೆ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತದೆ.

0.6 ಮಿಲಿಮೀಟರ್ ಅಂದರೆ ಎಷ್ಟು ದೊಡ್ಡದು ಅಂತ ಕೇಳಿದರೆ ಇನ್ನೊಂದು ಲೆಕ್ಕ ಕೊಡುತ್ತೇನೆ. 8 ಸ್ಪೀಡ್ ಚೈನಿನ ಹೊರಗಿನ ಅಗಲ 7.1 ಮಿ.ಮೀ. ಆಸುಪಾಸು, ಹಲ್ಲುಚಕ್ರದ ದಪ್ಪ 1.8. ಚೈನ್ ಸರಿಯಾಗಿ ನಡುವೆ ಕೂತಿದ್ದರೆ ಪಕ್ಕದ ಚಕ್ರಕ್ಕೂ ಅದಕ್ಕೂ ಸುಮಾರು 0.35 ಮಿ.ಮೀ. ಬಿಡುವು ಇರುತ್ತದೆ. 11ರಲ್ಲಿ ಚೈನ್ 5.6ಕ್ಕೆ ತೆಳುವಾಗಿದೆ, ಚಕ್ರ 1.6. ಬಿಡುವು 0.15ರ ಒಳಗೆ. ಅಷ್ಟು ಕಡಿಮೆ ಜಾಗದಲ್ಲಿ 0.6ರ ತಪ್ಪನ್ನು ಇಟ್ಟುಕೊಂಡು ಗುಡ್ಡ ಹತ್ತಲು ಆಗುವುದಿಲ್ಲ.

ಹಾಗಾದರೆ ಭಾವನವರ ಡಿರೇಲರನ್ನು ನಿಮ್ಮ ಹಳೆಯ 8 ಸ್ಪೀಡ್ ಕ್ಯಾಸೆಟ್ಟಿನ ಜೊತೆ ಹಾಕಿದರೆ? ಇನ್ನೂ ಕೆಟ್ಟದು. ಬರುವುದು 3.92, ಬೇಕಾದದ್ದು 4.8. ಎರಡನೇ ಕ್ಲಿಕ್ಕಿಗೇ ಎಡವುತ್ತದೆ.

ನಾನೂ ಈ ಗುಂಡಿಗೆ ಬಿದ್ದವನೇ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ 10 ಸ್ಪೀಡ್ ಬೈಕಿನ ಡಿರೇಲರ್ ಮುರಿದಾಗ, ಸೆಕೆಂಡ್‌ಹ್ಯಾಂಡ್‌ನಲ್ಲಿ ಶಿಮಾನೊದ್ದೇ ಒಂದು ಟಿಯಾಗ್ರಾ 4700 ಡಿರೇಲರ್ ಸಿಕ್ಕಿತು. ಅದೂ 10 ಸ್ಪೀಡ್, ನನ್ನದೂ 10 ಸ್ಪೀಡ್. ಹತ್ತಕ್ಕೆ ಹತ್ತು ಸರಿಹೋಯಿತು ಅಂತ ಕಣ್ಣುಮುಚ್ಚಿ ಹಾಕಿಕೊಂಡೆ. ಒಂದಿಡೀ ಭಾನುವಾರ ಬ್ಯಾರೆಲ್ ಅಡ್ಜಸ್ಟರ್ (ಕೇಬಲ್ ಬಿಗಿತ ಹೊಂದಿಸುವ ತಿರುಪು) ತಿರುಗಿಸಿ ತಿರುಗಿಸಿ ಬೆರಳು ಸವೆದವು. ಕೇಬಲ್ ಬದಲಿಸಿದೆ, ಡಿರೇಲರ್ ತೂಗುವ ಹ್ಯಾಂಗರ್ ನೇರ ಮಾಡಿಸಿದೆ, ಚೈನ್ ಬದಲಿಸಿದೆ. ಮನೆಯವಳು "ಊಟ ಆರಿಹೋಯ್ತು, ಅದನ್ನು ಗುಜರಿಗೆ ಹಾಕಿ ಬನ್ನಿ" ಅಂದಮೇಲೆ ಕೂತು ಯೋಚಿಸಿದೆ. 2015ರಲ್ಲಿ ಬಂದ ಟಿಯಾಗ್ರಾ 4700 ಹೆಸರಿಗೆ 10 ಸ್ಪೀಡ್, ಲೆಕ್ಕದಲ್ಲಿ ಹೊಸ 1.4ರ ಮನೆಯದು. ನನ್ನ ಹಳೆಯ ಶಿಫ್ಟರಿನ 2.3ಕ್ಕೆ ಅದು 3.2 ಮಾತ್ರ ಸರಿಯುತ್ತಿತ್ತು, ಬೇಕಾದದ್ದು 3.95. ಮಾರಿದವನದು ಏನೂ ತಪ್ಪಿಲ್ಲ, ಡಬ್ಬದ ಮೇಲಿನ ಸಂಖ್ಯೆಯನ್ನು ನಂಬಿದ್ದು ನಾನು. ಅವತ್ತಿನಿಂದ "ಎಷ್ಟು ಸ್ಪೀಡ್?" ಅಂತ ಕೇಳುವ ಮೊದಲು "ಯಾವ ನಂಬರ್?" ಅಂತ ಕೇಳುತ್ತೇನೆ. ಡಿರೇಲರಿನ ಒಳಮೈಯಲ್ಲಿ ಆರ್‌ಡಿ ಅಂತ ಶುರುವಾಗುವ ನಂಬರ್ ಇರುತ್ತದೆ. ಮಣ್ಣು ಒರೆಸಿ ಓದಬೇಕು.

ಇನ್ನು ನಿಮ್ಮ ನಿಜವಾದ ತೊಂದರೆ. ನಿಮಗೆ ಬೇಕಿರುವುದು 11 ಗೇರ್ ಅಲ್ಲ, ಹಗುರವಾದ ಒಂದು ಗೇರ್. ಮುಳ್ಳಯ್ಯನಗಿರಿ 1,930 ಮೀಟರ್, ಕರ್ನಾಟಕದಲ್ಲಿ ಅದಕ್ಕಿಂತ ಎತ್ತರ ಇಲ್ಲ. ಆ ರಸ್ತೆಯಲ್ಲಿ 34–28 ಇಟ್ಟುಕೊಂಡು ಹೋದವರು ತಳ್ಳಿದರೆ ನಾಚಿಕೆಪಡಬೇಕಾದ್ದೇನೂ ಇಲ್ಲ. 25 ಮಿ.ಮೀ. ಟೈರಿನ ಚಕ್ರ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಹೋಗುತ್ತದೆ. 34–28ರಲ್ಲಿ ಪೆಡಲ್ ಒಂದು ಸುತ್ತು ತುಳಿದರೆ 2.55 ಮೀಟರ್, 34–32ರಲ್ಲಿ 2.23, 34–34ರಲ್ಲಿ 2.1. ಸೆಕೆಂಡಿಗೆ ಒಂದು ಸುತ್ತು ತುಳಿಯುತ್ತೀರಿ, ನೀವೂ ಸೈಕಲ್ಲೂ ಸೇರಿ 85 ಕೆ.ಜಿ. ಅಂತಿಟ್ಟುಕೊಳ್ಳಿ. ನೂರು ಮೀಟರಿಗೆ ಹತ್ತು ಮೀಟರ್ ಏರುವ ಕಡೆ ಏರಿಗೆ ಮಾತ್ರವೇ ಮೊದಲನೆಯದರಲ್ಲಿ 212 ವ್ಯಾಟ್ ಬೇಕು, ಕೊನೆಯದರಲ್ಲಿ 175. ದಿನವಿಡೀ ತೋಟ ಸುತ್ತಿ ಭಾನುವಾರ ಮಾತ್ರ ಸೈಕಲ್ ಹತ್ತುವವನಿಗೆ ಈ 37 ವ್ಯಾಟ್ ಅಂದರೆ ತಳ್ಳುವುದಕ್ಕೂ ತುಳಿಯುವುದಕ್ಕೂ ಇರುವ ವ್ಯತ್ಯಾಸ. 8 ಇದ್ದರೂ 11 ಇದ್ದರೂ ಗುಡ್ಡಕ್ಕೆ ಕಾಣುವುದು ಕೊನೆಯ ಹಲ್ಲುಚಕ್ರ ಒಂದೇ.

ಆದ್ದರಿಂದ 8 ಸ್ಪೀಡಿನಲ್ಲೇ ಇರಿ. ಶಿಮಾನೊ ಎಚ್‌ಜಿ-31 ಅಥವಾ ಎಚ್‌ಜಿ-41 ಕ್ಯಾಸೆಟ್‌ಗಳು 11–32ರಲ್ಲೂ 11–34ರಲ್ಲೂ ಬರುತ್ತವೆ, ನಿಮ್ಮ ಹಬ್ಬಿಗೆ ನೇರ ಕೂರುತ್ತವೆ, ನಿಮ್ಮ ಶಿಫ್ಟರ್ ಅದನ್ನು ತನ್ನದೇ ಅಂದುಕೊಳ್ಳುತ್ತದೆ. ಎರಡರಲ್ಲಿ ಯಾವುದು? 11–34ರಲ್ಲಿ ಕೊನೆಯ ಜಿಗಿತ 26ರಿಂದ ನೇರ 34ಕ್ಕೆ. ಬೇಲೂರು ರಸ್ತೆಯಂಥ ಅಲೆಅಲೆ ದಾರಿಯಲ್ಲಿ ಇದು ಕಿರಿಕಿರಿ, ಕಾಲು ಒಮ್ಮೆಲೇ ಗಾಳಿಯಲ್ಲಿ ತುಳಿದಂತಾಗುತ್ತದೆ. 11–32ರಲ್ಲಿ 24, 28, 32 ಅಂತ ಮೆಟ್ಟಿಲು ಸಮನಾಗಿದೆ. ವಾರವಿಡೀ ಓಡಾಡುವವರಿಗೆ ನಾನು 32 ಹೇಳುತ್ತೇನೆ. ನಿಮಗೆ 34. ಮೂರು ಸಲ ತಳ್ಳಿದವರು ಜಿಗಿತದ ಬಗ್ಗೆ ದೂರುವುದಿಲ್ಲ.

ಕ್ಯಾಸೆಟ್ ತರುವ ಮೊದಲು ನಿಮ್ಮ ಕ್ಲಾರಿಸ್ ಡಿರೇಲರಿನ ಒಳಮೈ ನೋಡಿ. ಜಿಎಸ್ ಅಂತ ಇದ್ದರೆ ಪುಟ್ಟ ಚಕ್ರಗಳನ್ನು ಹಿಡಿದಿರುವ ಪಂಜರ ಉದ್ದದ್ದು, 34 ಹಲ್ಲಿಗೆ ಸಾಕು, ಬೇರೇನೂ ಕೊಳ್ಳುವುದು ಬೇಡ. ಎಸ್‌ಎಸ್ ಅಂತ ಇದ್ದರೆ ಪಂಜರ ಗಿಡ್ಡ. ಆಗ ಮೊದಲು ಹೇಳಿದ 1.7ರ ನೆಂಟಸ್ತಿಕೆ ಉಪಯೋಗಕ್ಕೆ ಬರುತ್ತದೆ: ಮೌಂಟನ್ ಬೈಕಿನ ಉದ್ದ ಪಂಜರದ 8 ಅಥವಾ 9 ಸ್ಪೀಡ್ ಡಿರೇಲರ್, ಏಸೆರಾ, ಆಲಿವಿಯೊ, ಹಳೆಯ ಡಿಯೋರ್, ಯಾವುದಾದರೂ ಸರಿ. ನಿಮಗೆ ಬೇಕಾದ ಒಟ್ಟು ಹಿಡಿತ 39 ಹಲ್ಲು. ಮುಂದಿನ 50 ಮತ್ತು 34ರ ವ್ಯತ್ಯಾಸ 16, ಹಿಂದಿನ 34 ಮತ್ತು 11ರ ವ್ಯತ್ಯಾಸ 23, ಎರಡೂ ಕೂಡಿ. ಉದ್ದ ಪಂಜರದವು ಇದನ್ನು ಆರಾಮಾಗಿ ನುಂಗುತ್ತವೆ. ಅವುಗಳಲ್ಲಿ ಕೆಲವಕ್ಕೆ ಬ್ಯಾರೆಲ್ ಅಡ್ಜಸ್ಟರ್ ಇರುವುದಿಲ್ಲ, ಕೇಬಲ್ ನಡುವೆ ಒಂದನ್ನು ಸೇರಿಸಿಕೊಳ್ಳಬೇಕು. ಮೌಂಟನ್ ಬೈಕಿನ 10 ಸ್ಪೀಡಿನದು ಮಾತ್ರ ತರಬೇಡಿ, ಅದರ ಪಟ್ಟು 1.2. 2023ರಲ್ಲಿ ಬಂದ ಶಿಮಾನೊ ಕ್ಯೂಸ್ ಸರಣಿಯ 9 ಸ್ಪೀಡ್ ಡಿರೇಲರನ್ನೂ ತರಬೇಡಿ. ಅದರಲ್ಲಿ 9, 10, 11 ಎಲ್ಲಕ್ಕೂ ಒಂದೇ ಅಂತರ, ಒಂದೇ ಚೈನ್. ಯೋಚನೆ ಚೆನ್ನಾಗಿದೆ, ಆದರೆ ಹಳೆಯವರ ಜೊತೆ ಪಂಕ್ತಿಯಲ್ಲಿ ಕೂರುವುದಿಲ್ಲ. ಅಂಗಡಿಯಲ್ಲಿ "ನೈನ್ ಸ್ಪೀಡ್ ಕೊಡಿ" ಅಂದರೆ ಈಗ ಕೈಗೆ ಬರುವುದು ಅದೇ ಆಗಿರಬಹುದು.

ಚೈನ್ ಹೊಸದು ಬೇಕೇ ಬೇಕು. ದೊಡ್ಡ ಹಲ್ಲಿಗೆ ಹಳೆಯ ಚೈನಿನ ಉದ್ದ ಸಾಲದು, ಮುಂದೆಯೂ ಹಿಂದೆಯೂ ದೊಡ್ಡ ಚಕ್ರಕ್ಕೆ ಹಾಕಿದಾಗ ಡಿರೇಲರ್ ಹರಿದುಬರುತ್ತದೆ. ಚೈನನ್ನು ಡಿರೇಲರಿಗೆ ಪೋಣಿಸದೆ ಮುಂದಿನ 50ಕ್ಕೂ ಹಿಂದಿನ 34ಕ್ಕೂ ಸುತ್ತಿ, ಎರಡು ಕೊಂಡಿ ಹೆಚ್ಚು ಬಿಟ್ಟು ಕತ್ತರಿಸಿ. 6, 7, 8 ಸ್ಪೀಡಿಗೆಲ್ಲ ಒಂದೇ ಅಗಲದ ಚೈನ್, ಮಕ್ಕಳ ಗೇರ್ ಸೈಕಲ್ಲಿಗೆ ಹಾಕುವುದೂ ಅದೇ. ಹಾಗಾಗಿ ನಮ್ಮೂರಲ್ಲೂ ಹಾಸನದಲ್ಲೂ ಸಿಗುತ್ತದೆ. 11 ಸ್ಪೀಡ್ ಚೈನ್ ಕಡಿದರೆ ಬೆಂಗಳೂರಿನ ಕೊರಿಯರಿಗೆ ಕಾಯಬೇಕು. 8 ಸ್ಪೀಡಿನ ಆ 0.35 ಮಿಲಿಮೀಟರ್ ಬಿಡುವು ಜುಲೈ ತಿಂಗಳ ತೋಟದ ಕೆಂಪು ಕೆಸರಿನಲ್ಲಿ ಎಂಥ ಪುಣ್ಯ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಇಷ್ಟಾದರೂ ಭಾವನವರ ಡಿರೇಲರನ್ನು ಬಳಸಲೇಬೇಕು ಅನ್ನುವ ಹಟ ಇದ್ದರೆ ಒಂದು ಕುತಂತ್ರ ಇದೆ. 2.8ಕ್ಕೆ 1.4 ಗುಣಿಸಿದಾಗ 3.92 ಬಂತಲ್ಲ? 10 ಸ್ಪೀಡ್ ಕ್ಯಾಸೆಟ್ಟಿನ ಅಂತರ 3.95. ಅಂದರೆ 8ರ ಶಿಫ್ಟರ್, 11ರ ಡಿರೇಲರ್, 10ರ ಕ್ಯಾಸೆಟ್! ಯಾರೂ ಮದುವೆ ಗೊತ್ತುಮಾಡಿದ್ದಲ್ಲ, ಜಾತಕ ತಾನಾಗಿ ಕೂಡಿದೆ. ಎಚ್‌ಜಿ-500ರ 10 ಸ್ಪೀಡ್ 11–34 ಮತ್ತು 10 ಸ್ಪೀಡ್ ಚೈನ್ ಹಾಕಿ, ಕೇಬಲ್ ಬಿಗಿತವನ್ನು ದೊಡ್ಡ ಚಕ್ರದ ಕಡೆಯಿಂದ ಹೊಂದಿಸಿದರೆ 34, 30, 26, 23, 21, 19, 17, 15 ಸಿಗುತ್ತವೆ. 13 ಮತ್ತು 11 ಸುಮ್ಮನೆ ಅಲಂಕಾರಕ್ಕೆ. 50–15ರಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 38 ಕಿ.ಮೀ. ಹತ್ತಿರ, ಹಾಸನದ ಕಡೆಯ ಸಮತಟ್ಟಿಗೂ ಸಾಕು. ಮೆಟ್ಟಿಲುಗಳೂ ಎಚ್‌ಜಿ-41ಕ್ಕಿಂತ ಚೆನ್ನಾಗಿವೆ. ನಾನು ಸ್ಟ್ಯಾಂಡಿನ ಮೇಲೆ ಮಾಡಿ ನೋಡಿದ್ದೇನೆ, ಬೀಳುತ್ತದೆ. ಆದರೂ ನಿಮಗೆ ಹೇಳುವುದಿಲ್ಲ. ಖರ್ಚು ಹೆಚ್ಚು, ಮುಂದೆ ಯಾರಾದರೂ ಮೆಕ್ಯಾನಿಕ್ ಕೈಗೆ ಹೋದರೆ ಅವನು ಅರ್ಧ ದಿನ ತಲೆ ಕೆಡಿಸಿಕೊಂಡು ಕೊನೆಗೆ ಎಲ್ಲವನ್ನೂ "ಸರಿ" ಮಾಡಿಬಿಡುತ್ತಾನೆ.

ಪೂರ್ತಿ 11ಕ್ಕೆ ಹೋಗುವ ಆಸೆ ಇದ್ದರೆ ಶಿಫ್ಟರ್ ಜೋಡಿ, ಮುಂದಿನ ಡಿರೇಲರ್, ಚೈನ್ ಇಷ್ಟೂ ಬೇಕು. ಕ್ರ್ಯಾಂಕ್ (ಪೆಡಲ್ ತೋಳು, ಮುಂದಿನ ಹಲ್ಲುಚಕ್ರಗಳು) ನಡೆದೀತು. ಮುಂದಿನ ಡಿರೇಲರನ್ನು ಉಳಿಸಲು ಹೋಗಬೇಡಿ, ಅದರ ಎಳೆತವೂ ಬದಲಾಗಿದೆ. ಅದಕ್ಕಿಂತ ಮುಖ್ಯ, ಶಿಫ್ಟರ್ ಬದಲಿಸಿದರೆ ಬ್ರೇಕ್ ಲಿವರ್ರೂ ಬದಲಾದಂತೆ. ಹೊಸ ಪೀಳಿಗೆಯ ಲಿವರ್ ಬ್ರೇಕ್ ಕೇಬಲ್ಲನ್ನು ಹಳೆಯದಕ್ಕಿಂತ ಹೆಚ್ಚು ಎಳೆಯುತ್ತದೆ. ಚಕ್ರವನ್ನು ಹಿಡಿಯುವ ಹಳೆಯ ಬ್ರೇಕ್ ಕ್ಯಾಲಿಪರಿಗೆ ಅದನ್ನು ಜೋಡಿಸಿದರೆ ಬ್ರೇಕ್ ಹಿಡಿತ ಕಡಿಮೆಯಾಗುತ್ತದೆ. ಗೇರ್ ತಪ್ಪಿದರೆ ತಳ್ಳಿಕೊಂಡು ಬರಬಹುದು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಮಂಜಿನಲ್ಲಿ ಎದುರಿಗೆ ಬಸ್ಸು ಬಂದರೆ ಬ್ರೇಕಿನ ವಿಷಯದಲ್ಲಿ ಹಾಗೆ ಹೇಳಲಾಗದು. ಲಿವರ್ ಬದಲಾದರೆ ಕ್ಯಾಲಿಪರನ್ನೂ ಅದೇ ಪೀಳಿಗೆಯದಕ್ಕೆ ಬದಲಿಸಿ.

ಸ್ರಾಮ್ ಅನ್ನುವ ಇನ್ನೊಂದು ಕಂಪನಿಯ ಸಾಮಾನಿನ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಕೊಡಲು ಬಂದರೆ ಗೊತ್ತಿರಲಿ. ಕೇಬಲ್ಲಿನಿಂದ ನಡೆಯುವ ಅವರ 10 ಮತ್ತು 11 ಸ್ಪೀಡ್ ರೋಡ್ ಡಿರೇಲರ್‌ಗಳ ಲೆಕ್ಕ ಒಂದೇ, ತಮ್ಮತಮ್ಮಲ್ಲಿ ಅದಲುಬದಲಾಗುತ್ತವೆ. ಶಿಮಾನೊ ಶಿಫ್ಟರಿಗೆ ಅವು ಆಗುವುದಿಲ್ಲ. ಕ್ಯಾಸೆಟ್ ಮತ್ತು ಚೈನ್ ಮಾತ್ರ ಎರಡೂ ಕಡೆಯವು ಅದೇ ಸಂಖ್ಯೆಯಲ್ಲಿ ಹೊಂದುತ್ತವೆ.

ಕೊನೆಗೆ ಒಂದು ಮಾತು ಕೇಬಲ್ ಬಗ್ಗೆ, ಯಾಕೆಂದರೆ "ಸಾಮಾನು ಹೊಂದುತ್ತಿಲ್ಲ" ಅಂತ ನನ್ನ ಹತ್ತಿರ ಬರುವ ಬೈಕುಗಳಲ್ಲಿ ಎಷ್ಟೋ ಸಲ ಸಾಮಾನು ಸರಿಯೇ ಇರುತ್ತದೆ. ಗೇರ್ ಕೇಬಲ್ಲಿನ ಹೊರಕವಚ 4 ಮಿ.ಮೀ.ನದು, ಒಳಗೆ ತಂತಿಗಳು ಉದ್ದಕ್ಕೆ ಸಾಲಾಗಿ ಇರುತ್ತವೆ, ಒತ್ತಿದರೆ ಕುಗ್ಗುವುದಿಲ್ಲ. ಬ್ರೇಕಿನದು 5 ಮಿ.ಮೀ., ಒಳಗೆ ಸ್ಪ್ರಿಂಗಿನಂತೆ ಸುತ್ತಿರುತ್ತದೆ, ಹಾಗಾಗಿ ಕುಗ್ಗುತ್ತದೆ. ಇದ್ದದ್ದನ್ನೇ ಕತ್ತರಿಸಿ ಗೇರಿಗೂ ಬ್ರೇಕಿನ ಕವಚ ಹಾಕಿಕೊಡುವ ಅಂಗಡಿಗಳಿವೆ. ಹಾಗಾದರೆ ಎಷ್ಟು ಹೊಂದಿಸಿದರೂ ನಾಳೆಗೆ ನಿಲ್ಲುವುದಿಲ್ಲ. (ಬ್ರೇಕಿಗೆ ಗೇರಿನ ಕವಚವನ್ನಂತೂ ಹಾಕಲೇಬಾರದು, ಜೋರಾಗಿ ಹಿಡಿದಾಗ ಸೀಳಿಹೋಗಬಹುದು.) ಕ್ಯಾಸೆಟ್ ಬದಲಿಸುವ ದಿನವೇ ಹಿಂದಿನ ಡಿರೇಲರಿಗೆ ಹೋಗುವ ಕೊನೆಯ ಬಾಗಿದ ತುಂಡನ್ನಾದರೂ ಹೊಸದು ಹಾಕಿ. ಮಳೆನೀರು ಹೋಗಿ ನಿಲ್ಲುವುದು ಅಲ್ಲೇ.

ಭಾವನವರ ಡಿರೇಲರಿಗೆ ಎರಡು ಹನಿ ಎಣ್ಣೆ ಬಿಟ್ಟು, ಬಟ್ಟೆ ಸುತ್ತಿ ಎತ್ತಿಡಿ. ಕ್ಯಾಸೆಟ್ಟನ್ನು ಕಟ್ಟಿಡುವಾಗ ಉಂಗುರಗಳು ಬಿದ್ದ ಕ್ರಮ ತಪ್ಪದಂತೆ ಒಂದು ತಂತಿಗೆ ಪೋಣಿಸಿ. ನಿಮ್ಮ ಡಿರೇಲರಿನ ಒಳಮೈಯಲ್ಲಿ ಎಸ್‌ಎಸ್ ಇದೆಯೋ ಜಿಎಸ್ ಇದೆಯೋ ನೋಡಿ ಬರೆಯಿರಿ, ಯಾವುದು ತರಬೇಕು ಅಂತ ಹೇಳುತ್ತೇನೆ.